ಹಳೇ ಕಾರಿಗೆ ಹೊಸ ಎಂಜಿನ್: ಕೂರಿಸುವುದು ಸುಲಭ, ಹೊಂದಿಸುವುದು ಕಷ್ಟ

ಎಂಜಿನ್ ಬದಲಿಸಲು ಹೊರಟು ಅರ್ಧಕ್ಕೆ ನಿಂತ ಹಳೇ ಕಾರುಗಳು ಆಗಾಗ ಮಾರಾಟಕ್ಕೆ ಬರುತ್ತವೆ. ಅಂಥ ಜಾಹೀರಾತಿನಲ್ಲಿ ಒಂದು ವಿಷಯ ಗಮನಿಸಿ. ಹೊಸ ಎಂಜಿನ್ ಬಾನೆಟ್ ಕೆಳಗೆ ಆಗಲೇ ಕೂತಿರುತ್ತದೆ. ಫೋಟೋದಲ್ಲಿ ಚೆನ್ನಾಗಿಯೂ ಕಾಣುತ್ತದೆ. ಪಕ್ಕದಲ್ಲಿ "ಇನ್ನು ಸ್ವಲ್ಪ ವೈರಿಂಗ್ ಮಾತ್ರ ಬಾಕಿ" ಅಂತ ಬರೆದಿರುತ್ತಾರೆ. ಕೆಲಸದ ಮುಕ್ಕಾಲು ಪಾಲು ಇರುವುದು ಆ "ಸ್ವಲ್ಪ"ದಲ್ಲೇ.

ಯಾಕೆ ಹೀಗೆ? ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಹಳೇ ಭಾಗ) ಕಾಲದ ಎಂಜಿನ್‌ಗೆ ಬೇಕಾದ್ದು ಬಹಳ ಕಡಿಮೆ. ಒಂದು ಪೆಟ್ರೋಲ್ ಪೈಪ್, ಇಗ್ನಿಷನ್ ಕಾಯಿಲ್‌ಗೆ ಒಂದು ವೈರ್, ಆಕ್ಸಿಲರೇಟರ್ ಕೇಬಲ್, ರೇಡಿಯೇಟರ್‌ನ ಎರಡು ಹೋಸ್, ಸೈಲೆನ್ಸರ್. ಇಷ್ಟು ಕೊಟ್ಟರೆ ಅದು ಯಾವ ಕಾರಿನಲ್ಲಿ ಕೂತಿದ್ದರೂ ಓಡುತ್ತದೆ. ಹೊಸ ಎಂಜಿನ್ ಹಾಗಲ್ಲ. ಅದು ತನ್ನ ಕಂಪ್ಯೂಟರ್, ಪೆಡಲ್, ಕೀಲಿ, ಪೆಟ್ರೋಲ್ ಟ್ಯಾಂಕ್, ಸೈಲೆನ್ಸರ್‌ನಲ್ಲಿರುವ ಸೆನ್ಸರ್ ಎಲ್ಲದರ ಜೊತೆ ಸೇರಿಯೇ ಎಂಜಿನ್. ಅವುಗಳಲ್ಲಿ ಒಂದನ್ನು ಬಿಟ್ಟು ಬಂದರೂ ಅದು ಸ್ಟಾರ್ಟ್ ಆಗುವುದಿಲ್ಲ, ಅಥವಾ ಆಗಿಯೂ ಸರಿಯಾಗಿ ಎಳೆಯುವುದಿಲ್ಲ. ಹೊಸದು ಮುಗಿದು ಹಳೆಯದು ಶುರುವಾಗುವ ಪ್ರತಿ ಜಾಗದಲ್ಲೂ ನೀವೇ ಒಂದು ಜೋಡಣೆ ಮಾಡಬೇಕು. ಈ ಲೇಖನ ಆ ಜೋಡಣೆಗಳ ಬಗ್ಗೆ.

ಮೊದಲು ಒಂದು ತಕರಾರು. ನಿಮಗೆ ನಿಜವಾಗಿ ಹೊಸ ಎಂಜಿನ್ ಬೇಕಾ? "ಹೈವೇಯಲ್ಲಿ ಎಂಜಿನ್ ಕಿರುಚುತ್ತದೆ" ಅನ್ನುವುದು ದೂರಾದರೆ, ಅದಕ್ಕೆ ಐದು ಗೇರಿನ ಗೇರ್‌ಬಾಕ್ಸ್ ಸಾಕು. "ಬೆಳಿಗ್ಗೆ ಸ್ಟಾರ್ಟ್ ಆಗಲ್ಲ" ಅನ್ನುವುದಾದರೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ, ಕಾರ್ಬ್ಯುರೇಟರ್ ಶುಚಿ ಮಾಡಿ ನೋಡಿ. ಹಳೇ ಎಂಜಿನ್‌ನ ಬಿಡಿಭಾಗ ಸಿಗುತ್ತಲೇ ಇಲ್ಲ, ಬ್ಲಾಕ್ ಬಿರುಕು ಬಿಟ್ಟಿದೆ, ಅಥವಾ ಕಾರನ್ನು ದಿನಾ ಓಡಿಸಬೇಕು ಅನ್ನುವವರಿಗೆ ಬದಲಾವಣೆ ಅರ್ಥಪೂರ್ಣ. ಮೂಲ ಎಂಜಿನ್ ನಂಬರ್ ಸಮೇತ ಉಳಿದಿರುವ ಅಪರೂಪದ ಕಾರಾಗಿದ್ದರೆ ಮುಟ್ಟಲೇಬೇಡಿ ಅನ್ನುವವನು ನಾನು. ಮುಟ್ಟಿದರೂ, ವಾಪಸ್ ಮೊದಲಿನಂತೆ ಮಾಡಲು ಬರುವ ಹಾಗೆ, ಬಾಡಿಯನ್ನು ಕತ್ತರಿಸದೆ ಮಾಡಿ.

ಹಾಗೆಂದು ಇದೇನು ಹೊಸ ಹುಚ್ಚಲ್ಲ. 1962ರಲ್ಲಿ ಬಂದ ಎಂಜಿಬಿ ಸ್ಪೋರ್ಟ್ಸ್ ಕಾರಿನಲ್ಲಿ 1.8 ಲೀಟರಿನ, ಎರಕದ ಕಬ್ಬಿಣದ, ನಾಲ್ಕು ಸಿಲಿಂಡರ್ ಎಂಜಿನ್ ಇತ್ತು. ಇಂಗ್ಲೆಂಡಿನ ಕೆನ್ ಕಾಸ್ಟೆಲ್ಲೊ ಅದನ್ನು ತೆಗೆದು, ರೋವರ್ ಕಂಪನಿಯ 3.5 ಲೀಟರ್ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್) ಎಂಜಿನ್ ಕೂರಿಸಿ ಮಾರತೊಡಗಿದರು. ಆಮೇಲೆ 1973ರಲ್ಲಿ ಎಂಜಿಬಿ ತಯಾರಿಸುತ್ತಿದ್ದ ಕಂಪನಿಯೇ ಎಂಜಿಬಿ ಜಿಟಿ ವಿ8 ಹೊರತಂದಿತು. ಲೀಟರ್ ಲೆಕ್ಕದಲ್ಲಿ ಎಂಜಿನ್ ಹೆಚ್ಚುಕಡಿಮೆ ಎರಡು ಪಟ್ಟು, ಆದರೂ ಕಾರಿನ ಮುಂಭಾಗ ಭಾರವಾಗಲಿಲ್ಲ. ಯಾಕಂದರೆ 1961ರಲ್ಲಿ ಅಮೆರಿಕದ ಬ್ಯೂಕ್ ಕಾರಿಗೆಂದು ಬಂದ ಆ ಎಂಜಿನ್‌ನ ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ.

ಯಾವ ಎಂಜಿನ್?

ಎಲ್ಲರೂ ಮೊದಲು ನೋಡುವುದು ಹಾರ್ಸ್‌ಪವರ್. ನಾನಾದರೆ ಅದನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡಬೇಕಾದ್ದು ಆಕಾರ.

ಈಗಿನ ಬಹುಪಾಲು ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡವಾಗಿ ಕೂತು ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಹಳೇ ಕಾರುಗಳಲ್ಲಿ ಹೆಚ್ಚಾಗಿ ಅದು ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ. ಅಡ್ಡ ಎಂಜಿನ್ ಅನ್ನು ಉದ್ದಕ್ಕೆ ತಿರುಗಿಸಿದರೆ ಹೊಸ ತಲೆನೋವುಗಳು ಶುರು. ಉದಾಹರಣೆಗೆ ಫೋರ್ಡ್ ಝೀಟೆಕ್ ಎಂಜಿನ್‌ನಲ್ಲಿ ಬಿಸಿನೀರು ಹೊರಬರುವ ಭಾಗ ಫ್ಲೈವೀಲ್ ಕಡೆ, ಅಂದರೆ ಗೇರ್‌ಬಾಕ್ಸ್ ಸೇರುವ ತುದಿಯಲ್ಲಿ ಇದೆ. ಉದ್ದಕ್ಕೆ ಕೂರಿಸಿದಾಗ ಅದು ಸೀದಾ ಎಂಜಿನ್ ಹಿಂದಿನ ತಗಡಿನ ಗೋಡೆಗೆ ತಾಗುತ್ತದೆ. ನೀರಿಗೆ ಬೇರೆ ದಾರಿ ಮಾಡಲೇಬೇಕು. ಸ್ಟಾರ್ಟರ್ ಮೋಟರ್ ಸ್ಟಿಯರಿಂಗ್ ಕಂಬದ ಕಡೆ ಬಂದು ಕೂರಬಹುದು. ಹಳೇ ಹೋಂಡಾ ಬಿ ಸರಣಿಯ ಎಂಜಿನ್‌ಗಳಂತೂ ತಿರುಗುವ ದಿಕ್ಕೇ ಉಲ್ಟಾ. ಸುಮ್ನೆ ತಂದು ಬೇರೆ ಗೇರ್‌ಬಾಕ್ಸ್‌ಗೆ ಜೋಡಿಸಿದರೆ ಮೊದಲ ಗೇರಿನಲ್ಲಿ ಕಾರು ಹಿಂದಕ್ಕೆ ಹೊರಡುತ್ತದೆ! ನಂತರ ಬಂದ ಕೆ ಸರಣಿ ಬೇರೆಲ್ಲರಂತೆ ತಿರುಗುತ್ತದೆ. ಅದು ಜನಪ್ರಿಯವಾಗಿರುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಹುಟ್ಟಿನಿಂದಲೇ ಉದ್ದಕ್ಕೆ ಕೂತ ಎಂಜಿನ್, ಅದರದೇ ಗೇರ್‌ಬಾಕ್ಸ್ ಸಮೇತ ಸಿಕ್ಕರೆ ಅರ್ಧ ಕೆಲಸ ಉಳಿಯಿತು. ಸಣ್ಣ ಬ್ರಿಟಿಷ್ ಕಾರುಗಳಿಗೆ ಮಾಜ್ದಾ ಎಂಎಕ್ಸ್-5 ಎಂಜಿನ್ ಹಾಕುವವರು ಜಾಸ್ತಿ ಇರುವುದು ಇದೇ ಕಾರಣಕ್ಕೆ.

ಇನ್ನೊಂದು ಮೋಸ ಲೀಟರಿನ ಲೆಕ್ಕದಲ್ಲಿದೆ. ಲೀಟರ್ ಜಾಸ್ತಿ ಅಂದರೆ ಎಂಜಿನ್ ದೊಡ್ಡದು ಅಂತ ಅನಿಸುತ್ತದೆ, ಅಲ್ವಾ? 1997ರ ಶೆವ್ರೊಲೆ ಕಾರ್ವೆಟ್‌ನಲ್ಲಿ ಬಂದ ಎಲ್ಎಸ್1 ಎಂಜಿನ್ 5.7 ಲೀಟರಿನದು. ಆದರೆ ಅದರ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ಶಾಫ್ಟ್) ಒಂದೇ, ಅದೂ ಬ್ಲಾಕ್ ಒಳಗೇ ಇದೆ. ಹೆಡ್‌ಗಳು ಚಿಕ್ಕವು. ಅದೇ ಕಾಲದ ಫೋರ್ಡ್ 4.6 ಲೀಟರ್ ವಿ8ನಲ್ಲಿ ನಾಲ್ಕು ಕ್ಯಾಮ್‌ಶಾಫ್ಟ್ ಹೆಡ್‌ಗಳ ಮೇಲೆ ಕೂತ ಮಾದರಿ ಹೊರಗಿನಿಂದ ಅಳೆದರೆ ಎಲ್ಎಸ್1ಗಿಂತ ಅಗಲ. ಕ್ಯಾಟಲಾಗ್ ಬಿಟ್ಟು ಅಳತೆ ಟೇಪ್ ನಂಬಿ.

ತೀರಾ ಹೊಸ ಎಂಜಿನ್ ಬಗ್ಗೆಯೂ ಎಚ್ಚರ ಇರಲಿ. ಸಿಲಿಂಡರ್ ಒಳಕ್ಕೇ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್‌ಗಳಲ್ಲಿ ಒತ್ತಡ 150, 200 ಬಾರ್ ದಾಟುತ್ತದೆ. ಟರ್ಬೊ ಇದ್ದರೆ ಅದರ ಪೈಪು, ಇಂಟರ್‌ಕೂಲರ್, ಬಿಸಿ ಎಲ್ಲಕ್ಕೂ ಜಾಗ ಬೇಕು. ಎಲೆಕ್ಟ್ರಾನಿಕ್ಸ್ ಕೂಡ ಕಾರಿನ ಉಳಿದ ಭಾಗದ ಜೊತೆ ಬಿಗಿಯಾಗಿ ಹೆಣೆದುಕೊಂಡಿರುತ್ತದೆ. ಮನೆಯಲ್ಲಿ ಮಾಡುವವರಿಗೆ 1990ರ ದಶಕದಿಂದ 2000ದ ದಶಕದ ಮಧ್ಯದವರೆಗಿನ, ಟರ್ಬೊ ಇಲ್ಲದ, ಸಾಮಾನ್ಯ ಇಂಜೆಕ್ಷನ್ ಎಂಜಿನ್ ಒಳ್ಳೆಯ ಆಯ್ಕೆ.

ಬಿಡಿ ಎಂಜಿನ್ ಕೊಳ್ಳಬೇಡಿ. ಸಾಧ್ಯವಾದರೆ ಅಪಘಾತದಲ್ಲಿ ಬಾಡಿ ಜಜ್ಜಿಹೋದ, ಎಂಜಿನ್ ಓಡುತ್ತಿರುವ ಪೂರ್ತಿ ಕಾರನ್ನೇ ಕೊಳ್ಳಿ. ಕೊಳ್ಳುವ ಮುಂಚೆ ಎಂಜಿನ್ ಓಡುವುದನ್ನು ಕೇಳಬಹುದು. ವೈರಿಂಗ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಕೀಲಿ, ಪೆಡಲ್, ಟ್ಯಾಂಕಿನೊಳಗಿನ ಪಂಪ್, ಪೈಪಿನ ತುದಿಯ ಕ್ಲಿಪ್ ತನಕ ಎಲ್ಲವೂ ಒಟ್ಟಿಗೆ ಬರುತ್ತವೆ. ಬಿಚ್ಚುವಾಗ ಪ್ರತಿ ಕನೆಕ್ಟರ್‌ಗೂ ಹೆಸರಿನ ಚೀಟಿ ಕಟ್ಟಿ, ಫೋಟೋ ತೆಗೆಯಿರಿ. ಎಸಿ ಇದ್ದರೆ ಅದರ ಗ್ಯಾಸನ್ನು ಗಾಳಿಗೆ ಬಿಡದೆ, ಯಂತ್ರ ಇರುವವರ ಹತ್ತಿರ ತೆಗೆಸಿ.

ಕಾಗದಪತ್ರದ ವಿಚಾರವೂ ಕೊಳ್ಳುವ ಮೊದಲೇ ಆಗಬೇಕು. ನಿಯಮ ಊರಿಂದ ಊರಿಗೆ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹೊಗೆ ಪರೀಕ್ಷೆಗೆ ಒಳಪಡುವ ಕಾರಿಗೆ ಹಾಕುವ ಎಂಜಿನ್ ಕಾರಿನಷ್ಟೇ ಹೊಸದಾಗಿರಬೇಕು, ಇಲ್ಲವೇ ಅದಕ್ಕಿಂತ ಹೊಸದಾಗಿರಬೇಕು. ಆ ಎಂಜಿನ್ ಜೊತೆ ಬಂದ ಹೊಗೆ ನಿಯಂತ್ರಣದ ಎಲ್ಲಾ ಸಾಮಾನೂ ಇರಬೇಕು. ಕೆಲವು ಕಡೆ ಮೊದಲೇ ಅನುಮತಿ ಪಡೆಯಬೇಕು, ಕೆಲವು ಕಡೆ ಇದು ಸಾಧ್ಯವೇ ಇಲ್ಲ. ನೋಂದಣಿ ಪುಸ್ತಕದ ಎಂಜಿನ್ ನಂಬರ್, ವಿಮೆ ಎರಡೂ ಬದಲಾಗಬೇಕು. ಇದನ್ನು ಕೇಳಿಕೊಂಡ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ.

ಕೂರಿಸುವ ಮುಂಚೆ ಅಳತೆ

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರಿ ಸುಲಭವಾಗಿ 200 ಕಿಲೋ ದಾಟುತ್ತದೆ. ಅದನ್ನು ಕ್ರೇನಿನಲ್ಲಿ ಹತ್ತು ಸಲ ಇಳಿಸಿ ಏರಿಸುವ ಬದಲು, ಒಳಭಾಗ ಬಿಚ್ಚಿದ ಖಾಲಿ ಬ್ಲಾಕ್ ಮತ್ತು ಖಾಲಿ ಗೇರ್‌ಬಾಕ್ಸ್ ಚಿಪ್ಪು ಇಟ್ಟು ಅಳತೆ ನೋಡುವುದು ಜಾಣತನ. ಹೆಸರಾಂತ ಎಂಜಿನ್‌ಗಳಿಗೆ ಪ್ಲಾಸ್ಟಿಕ್ ಅಚ್ಚುಗಳೂ ಸಿಗುತ್ತವೆ.

ಅಳತೆ ನೋಡುವಾಗ ಸ್ಟಿಯರಿಂಗ್ ಕಂಬ, ರೇಡಿಯೇಟರ್, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಬ್ರೇಕ್ ಬೂಸ್ಟರ್ ಎಲ್ಲವೂ ಜಾಗದಲ್ಲಿರಲಿ. ಕಾರು ತನ್ನ ಚಕ್ರಗಳ ಮೇಲೆ, ಸಹಜ ಎತ್ತರದಲ್ಲಿ ನಿಂತಿರಲಿ. ಎಲ್ಲಾ ಬಿಚ್ಚಿಟ್ಟು ಎಂಜಿನ್ ಚೆನ್ನಾಗಿ ಕೂತಿತು ಅಂತ ಖುಷಿಪಟ್ಟರೆ, ಆಮೇಲೆ ಸ್ಟಿಯರಿಂಗ್ ಕಂಬವೂ ಎಕ್ಸಾಸ್ಟ್ ಪೈಪೂ ಒಂದೇ ಜಾಗ ಕೇಳುತ್ತವೆ. ತುಂಬಾ ಸಲ ಜಗಳ ಆಗುವುದು ಅಲ್ಲಿಯೇ.

ಎರಡನೇ ಜಗಳ ಕೆಳಗೆ, ಆಯಿಲ್ ಚೇಂಬರ್ ಬಳಿ. ಹಳೇ ಕಾರಿನ ಅಡ್ಡ ತೊಲೆ ಎಲ್ಲಿದೆಯೋ ಅಲ್ಲೇ ಹೊಸ ಎಂಜಿನ್‌ನ ಚೇಂಬರ್ ಜೋತುಬಿದ್ದಿರುತ್ತದೆ. ಚೇಂಬರ್ ಕತ್ತರಿಸಿ ಬೇರೆ ಆಕಾರ ಕೊಡುವವರಿದ್ದಾರೆ. ಆಗ ಆಯಿಲ್ ಹೀರುವ ಪೈಪನ್ನೂ ಬದಲಿಸಬೇಕು. ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಓಡದಂತೆ ಒಳಗೆ ತಡೆ ತಗಡು ಇಡಬೇಕು. ಒಟ್ಟು ಆಯಿಲ್ ಪ್ರಮಾಣ ಕಡಿಮೆಯಾಗಬಾರದು. ಅದೇ ಎಂಜಿನ್ ಬೇರೆ ಮಾದರಿಯ ಕಾರಿನಲ್ಲೂ ಬಂದಿದ್ದರೆ, ಆ ಕಾರಿನ ಚೇಂಬರ್ ಬೇರೆ ಆಕಾರದ್ದಾಗಿರಬಹುದು. ಮೊದಲು ಅದನ್ನು ಹುಡುಕಿ. ಎಂಜಿನ್ ತುಂಬಾ ಕೆಳಗಿಟ್ಟು ಚೇಂಬರ್ ಎಲ್ಲಕ್ಕಿಂತ ತಗ್ಗಿನ ಭಾಗವಾದರೆ ಮೊದಲ ದೊಡ್ಡ ಹಂಪ್‌ನಲ್ಲೇ ಗೊತ್ತಾಗುತ್ತದೆ.

ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಅಲ್ಲಾಡುತ್ತದೆ. ಸುತ್ತ ಒಂದೂವರೆ ಸೆಂಟಿಮೀಟರಾದರೂ ಜಾಗ ಬಿಡಿ, ಫ್ಯಾನ್ ಮುಂದೆ ಇನ್ನೂ ಜಾಸ್ತಿ. ಮೌಂಟಿಂಗ್ ಬ್ರಾಕೆಟ್‌ಗಳನ್ನು ಮೊದಲು ಟ್ಯಾಕ್, ಅಂದರೆ ಸಣ್ಣ ಚುಕ್ಕೆ ವೆಲ್ಡ್, ಮಾತ್ರ ಹೊಡೆಸಿ. ಎಲ್ಲಾ ಹೊಂದಿದೆ ಅಂತ ಖಾತ್ರಿಯಾದ ಮೇಲೆ ಎಂಜಿನ್ ಹೊರತೆಗೆದು ಪೂರ್ತಿ ವೆಲ್ಡ್ ಮಾಡಿಸಿ. ವೆಲ್ಡಿಂಗ್ ಚೆನ್ನಾಗಿ ಬರದಿದ್ದರೆ ಈ ಒಂದು ಕೆಲಸವನ್ನು ಬಲ್ಲವರಿಗೇ ಕೊಡಿ.

ಗೇರ್‌ಬಾಕ್ಸ್‌ನಿಂದ ಚಕ್ರದವರೆಗೆ

ಹಳೇ ಗೇರ್‌ಬಾಕ್ಸ್ ಉಳಿಸಿಕೊಂಡು ಹೊಸ ಎಂಜಿನ್ ಜೋಡಿಸಬೇಕಾದರೆ ಮಧ್ಯೆ ಅಡಾಪ್ಟರ್ ಪ್ಲೇಟ್ ಬೇಕು. ನೋಡಲು ಅದು ತೂತುಗಳಿರುವ ದಪ್ಪ ತಗಡು. ಆದರೆ ಕ್ರ್ಯಾಂಕ್‌ಶಾಫ್ಟ್‌ನ ನಡುವೂ ಗೇರ್‌ಬಾಕ್ಸ್ ಶಾಫ್ಟ್‌ನ ನಡುವೂ ಒಂದೇ ಗೆರೆಯಲ್ಲಿ ಇರಬೇಕು. ಸಾಮಾನ್ಯವಾಗಿ ಒಪ್ಪುವ ಮಿತಿ 0.13 ಮಿಲಿಮೀಟರ್. ಅದು ತಪ್ಪಿದರೆ ಬೇರಿಂಗ್ ಕೂಗುತ್ತದೆ, ಗೇರ್ ಬೀಳಲು ಒದ್ದಾಡುತ್ತದೆ, ಕ್ಲಚ್ ಬೇಗ ಸವೆಯುತ್ತದೆ. ಇದನ್ನು ಡಯಲ್ ಗೇಜ್ ಇಟ್ಟೇ ನೋಡಬೇಕು. ಕಣ್ಣಳತೆ ನಡೆಯುವುದಿಲ್ಲ.

ಹಳೇ ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಈ ಹೊಸ ಎಳೆತ ತಡೆಯುತ್ತವಾ? ಲೆಕ್ಕ ಹಾಕಿ ನೋಡೋಣ. ಹಳೇ ಎಂಜಿನ್‌ನ ಟಾರ್ಕ್ (ತಿರುಗಿಸುವ ಬಲ) 110 ನ್ಯೂಟನ್ ಮೀಟರ್ ಅಂದುಕೊಳ್ಳಿ. ಮೊದಲ ಗೇರಿನ ಅನುಪಾತ 3.5, ಡಿಫರೆನ್ಷಿಯಲ್‌ನದು (ಹಿಂದಿನ ಆಕ್ಸಲ್ ನಡುವಿನ ಗೇರ್ ಜೋಡಣೆ) 3.9 ಇದ್ದರೆ ಹಿಂದಿನ ಆಕ್ಸಲ್‌ಗೆ ತಲುಪುವುದು ಸುಮಾರು 1,500. ಎಂಜಿನ್ ಬದಲಿಸಿ 250 ಮಾಡಿದರೆ ಅದೇ ಆಕ್ಸಲ್ ಮೇಲೆ 3,400. ಹಳೇ ಕಾಲದ ಇಂಜಿನಿಯರ್‌ಗಳು ಆಕ್ಸಲ್‌ಗೆ ಒಂದಿಷ್ಟು ಹೆಚ್ಚುವರಿ ಬಲ ಕೊಟ್ಟಿರುತ್ತಾರೆ, ಇಲ್ಲ ಅಂತಲ್ಲ. ಆದರೆ ಎರಡು ಪಟ್ಟಿಗಿಂತ ಜಾಸ್ತಿ ಕೊಟ್ಟಿರುತ್ತಾರೆ ಅಂತ ನಂಬಿ ಕ್ಲಚ್ ಬಿಡುವುದು ಧೈರ್ಯದ ಕೆಲಸ.

ಗೇರ್ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡಿ. ಟೈರಿನ ಸುತ್ತಳತೆ 1.9 ಮೀಟರ್ ಇದ್ದರೆ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 877 ಸುತ್ತು ಸುತ್ತುತ್ತದೆ. 3.9 ಡಿಫರೆನ್ಷಿಯಲ್ ಇದ್ದು, ಮೇಲಿನ ಗೇರ್ ನೇರ ಒಂದಕ್ಕೊಂದು ಆದರೆ ಎಂಜಿನ್ 3,420 ಸುತ್ತು. ಐದನೇ ಗೇರ್ 0.8 ಆದರೆ 2,740. ಕಿವಿಗೆ ಇದು ಬೇರೆಯೇ ಕಾರು. ಹೈವೇ ಕಿರುಚಾಟಕ್ಕೆ ಗೇರ್‌ಬಾಕ್ಸ್ ಸಾಕು ಅಂತ ಮೊದಲೇ ಹೇಳಿದ್ದು ಈ ಲೆಕ್ಕದ ಮೇಲೆ.

ಇನ್ನು ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್. ಹೊಸ ಗೇರ್‌ಬಾಕ್ಸ್‌ನ ಉದ್ದ ಬೇರೆ ಆದ್ದರಿಂದ ಶಾಫ್ಟ್ ಉದ್ದವೂ ಬದಲಾಗುತ್ತದೆ. ಅದನ್ನು ಮಾಡಿಸಿ ಬ್ಯಾಲೆನ್ಸ್ ಮಾಡಿಸುವುದು ಹೊರಗಿನ ಕೆಲಸ. ಕೋನ ಮಾತ್ರ ನಿಮ್ಮ ಜವಾಬ್ದಾರಿ. ಗೇರ್‌ಬಾಕ್ಸ್ ಹಿಂತುದಿಯ ಶಾಫ್ಟೂ ಡಿಫರೆನ್ಷಿಯಲ್ ಮೂತಿಯ ಶಾಫ್ಟೂ ಒಂದಕ್ಕೊಂದು ಸಮಾನಾಂತರವಾಗಿ ಇರಬೇಕು. ಆಗ ಎರಡೂ ಕ್ರಾಸ್‌ಗಳಲ್ಲಿ (ಪ್ರೊಪೆಲ್ಲರ್ ಶಾಫ್ಟ್‌ನ ಎರಡು ತುದಿಯ ಬಾಗುವ ಜೋಡಣೆಗಳು) ಕೋನ ಸಮವಾಗುತ್ತದೆ. ಒಂದು ಕ್ರಾಸ್ ತರುವ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಒಂದರಿಂದ ಮೂರು ಡಿಗ್ರಿ ಒಳ್ಳೆಯದು. ಸೊನ್ನೆಯೂ ಬೇಡ, ಯಾಕಂದರೆ ಕ್ರಾಸ್ ಒಳಗಿನ ಸೂಜಿ ಬೇರಿಂಗ್‌ಗಳು ಸ್ವಲ್ಪವಾದರೂ ಉರುಳಬೇಕು. ಈ ಕೋನ ತಪ್ಪಿದ ಕಾರು ಒಂದು ನಿರ್ದಿಷ್ಟ ವೇಗದಲ್ಲಿ ನಡುಗುತ್ತದೆ. ಮಾಲೀಕರು ಟೈರ್ ಬ್ಯಾಲೆನ್ಸ್ ಮೇಲೆ ಬ್ಯಾಲೆನ್ಸ್ ಮಾಡಿಸುತ್ತಾ ಇರುತ್ತಾರೆ.

ಪೆಟ್ರೋಲ್

ಕಾರ್ಬ್ಯುರೇಟರ್‌ಗೆ ಬೇಕಾದ ಒತ್ತಡ ಸುಮಾರು 0.2ರಿಂದ 0.4 ಬಾರ್. ಇಂಜೆಕ್ಷನ್ ಎಂಜಿನ್‌ಗೆ 3ರಿಂದ 4 ಬಾರ್, ಅಂದರೆ ಹತ್ತು ಪಟ್ಟು. ಹಳೇ ಪಂಪ್, ಹಳೇ ರಬ್ಬರ್ ಪೈಪ್, ಹಳೇ ಕ್ಲಿಪ್ ಯಾವುದೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಇಂಜೆಕ್ಷನ್‌ಗೆಂದೇ ಗುರುತು ಹಾಕಿದ ಹೋಸ್ ಬೇಕು. ಬಿಸಿ ಎಂಜಿನ್ ಮೇಲೆ 3 ಬಾರ್ ಒತ್ತಡದಲ್ಲಿ ಸೋರುವ ಪೆಟ್ರೋಲ್ ತೊಟ್ಟಿಕ್ಕುವುದಿಲ್ಲ, ಮಂಜಿನಂತೆ ಚಿಮ್ಮುತ್ತದೆ. ಹಣ ಉಳಿಸುವ ಜಾಗ ಇದಲ್ಲ.

ಒತ್ತಡಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಂದರೆ ಟ್ಯಾಂಕಿನಲ್ಲಿದೆ. ಕಾರ್ಬ್ಯುರೇಟರ್‌ನ ಬಟ್ಟಲು ಮನೆ ಮೇಲಿನ ನೀರಿನ ಟ್ಯಾಂಕ್ ಇದ್ದಂತೆ. ಪಂಪ್ ಕ್ಷಣ ಹೊತ್ತು ನಿಂತರೂ ನಲ್ಲಿ ನಿಲ್ಲುವುದಿಲ್ಲ. ಇಂಜೆಕ್ಷನ್‌ನಲ್ಲಿ ಅಂಥ ದಾಸ್ತಾನು ಇಲ್ಲ. ಅರ್ಧ ಖಾಲಿಯಾದ ಹಳೇ ಟ್ಯಾಂಕಿನಲ್ಲಿ ತಿರುವು ಬಂದಾಗ ಪೆಟ್ರೋಲ್ ಪಕ್ಕಕ್ಕೆ ಓಡುತ್ತದೆ, ಪಂಪ್ ಗಾಳಿ ಹೀರುತ್ತದೆ, ಎಂಜಿನ್ ತಕ್ಷಣ ಮುಗ್ಗರಿಸುತ್ತದೆ. ಹೊಸ ಕಾರಿನ ಟ್ಯಾಂಕಿನಲ್ಲಿ ಪಂಪ್ ಸುತ್ತ ಒಂದು ಸಣ್ಣ ಬಟ್ಟಲು ಇರುವುದು ಅದಕ್ಕೇ. ಹಳೇ ಟ್ಯಾಂಕಿಗೆ ಎರಡು ದಾರಿ ಇದೆ. ಅಂಥದ್ದೇ ಪಂಪ್ ಜೋಡಣೆಯನ್ನು ಟ್ಯಾಂಕ್ ಒಳಗೆ ಇಳಿಸುವುದು ಒಂದು. ಕಡಿಮೆ ಒತ್ತಡದ ಪಂಪ್‌ನಿಂದ ಒಂದೆರಡು ಲೀಟರಿನ ಪ್ರತ್ಯೇಕ ಡಬ್ಬಿ ತುಂಬಿಸಿ, ಅಲ್ಲಿಂದ ದೊಡ್ಡ ಪಂಪ್ ಎಳೆಯುವಂತೆ ಮಾಡುವುದು ಇನ್ನೊಂದು. ಟ್ಯಾಂಕಿಗೆ ವೆಲ್ಡಿಂಗ್ ಬೇಕಾದರೆ ಮನೆಯಲ್ಲಿ ಖಂಡಿತ ಮಾಡಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ.

ಎಂಜಿನ್ ನಿಂತರೆ ಪಂಪ್ ತಾನಾಗಿ ನಿಲ್ಲಬೇಕು. ಹೊಸ ಇಸಿಯು ಇದನ್ನು ರಿಲೇ (ಕರೆಂಟಿನಿಂದಲೇ ಆನ್, ಆಫ್ ಆಗುವ ಸ್ವಿಚ್) ಮೂಲಕ ಮಾಡುತ್ತದೆ. ಪಂಪ್‌ಗೆ ಸೀದಾ ಸ್ವಿಚ್ ಹಾಕಿಟ್ಟ ಕಾರು ಅಪಘಾತದಲ್ಲಿ ಮಗುಚಿದರೂ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ವೈರಿಂಗ್, ಅಂದರೆ ಆ "ಸ್ವಲ್ಪ"

ಮೊದಲ ಪ್ರಶ್ನೆ: ನಿಮ್ಮ ಕಾರಿನ ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ? 1960ರ ದಶಕದ ಕೊನೆಯವರೆಗೆ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತಿತ್ತು. ಹೊಸ ಎಲೆಕ್ಟ್ರಾನಿಕ್ಸ್‌ಗೆ ನೆಗೆಟಿವ್ ಸೇರಿರಬೇಕು. ನೋಡದೆ ಕೊಟ್ಟರೆ ಇಸಿಯು ಅಲ್ಲೇ ಸುಡುತ್ತದೆ.

ಎರಡನೆಯದು ಕರೆಂಟ್. ಆ ಕಾಲದ ಲೂಕಾಸ್ ಸಿ40 ಡೈನಮೊ ಕೊಡುತ್ತಿದ್ದುದು 22 ಆಂಪಿಯರ್. ಈಗ ಪೆಟ್ರೋಲ್ ಪಂಪ್, ರೇಡಿಯೇಟರ್ ಫ್ಯಾನ್ ಎರಡೇ ಸೇರಿ ಅಷ್ಟನ್ನು ನುಂಗುತ್ತವೆ. ಹೊಸ ಎಂಜಿನ್ ತನ್ನ ಆಲ್ಟರ್ನೇಟರ್ ತಂದಿರುತ್ತದೆ, ಆ ಚಿಂತೆ ಇಲ್ಲ. ಆದರೆ ಅದರ ಕರೆಂಟ್ ಹಳೇ ಸಣ್ಣ ವೈರಿನಲ್ಲಿ, ಡ್ಯಾಶ್‌ಬೋರ್ಡ್‌ನ ಆಮೀಟರ್ ಮೂಲಕ ಹರಿದರೆ ಡ್ಯಾಶ್‌ಬೋರ್ಡ್ ಹಿಂದೆ ಹೊಗೆ ಬರುತ್ತದೆ. ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ದಪ್ಪ ವೈರ್ ಹೊಸದಾಗಿ ಎಳೆಯಿರಿ, ಫ್ಯೂಸ್ ಹಾಕಿ. ಆಮೀಟರ್ ಜಾಗಕ್ಕೆ ವೋಲ್ಟ್‌ಮೀಟರ್ ಇಡಿ.

ಮೂರನೆಯದು ಅರ್ಥಿಂಗ್. ಎಂಜಿನ್ ರಬ್ಬರ್ ಮೇಲೆ ಕೂತಿದೆ. ರಬ್ಬರ್ ಕರೆಂಟ್ ಬಿಡುವುದಿಲ್ಲ. ಎಂಜಿನ್‌ನಿಂದ ಬಾಡಿಗೆ ದಪ್ಪ ಪಟ್ಟಿ ಹಾಕದಿದ್ದರೆ ಸ್ಟಾರ್ಟರ್‌ನ ನೂರಾರು ಆಂಪಿಯರ್ ಸಿಕ್ಕ ದಾರಿ ಹಿಡಿಯುತ್ತದೆ. ಎಷ್ಟೋ ಸಲ ಆ ದಾರಿ ಆಕ್ಸಿಲರೇಟರ್ ಕೇಬಲ್ ಅಥವಾ ಕ್ಲಚ್ ಕೇಬಲ್! ಸ್ಟಾರ್ಟ್ ಮಾಡುವಾಗ ಕೇಬಲ್ ಬಿಸಿಯಾದರೆ ಕಾರಣ ಇದು. ಕಾರಣವಿಲ್ಲದೆ ಹುಚ್ಚಾಟ ಆಡುವ ಸೆನ್ಸರ್‌ಗಳ ಹಿಂದೆಯೂ ಬಹಳ ಸಲ ಕೆಟ್ಟ ಅರ್ಥಿಂಗ್ ಇರುತ್ತದೆ. ಬಣ್ಣ ಕೆರೆದು, ಬರೀ ಲೋಹಕ್ಕೆ ಬಿಗಿಯಿರಿ.

ಈಗ ಇಸಿಯು. ಅದಕ್ಕೆ ಎರಡು ಥರದ ಹನ್ನೆರಡು ವೋಲ್ಟ್ ಬೇಕು. ಯಾವಾಗಲೂ ಇರುವುದು ಒಂದು, ಕೀಲಿ ತಿರುಗಿಸಿದಾಗ ಬರುವುದು ಇನ್ನೊಂದು. ಈ ಎರಡನೆಯದರಲ್ಲಿ ಎರಡು ತೊಂದರೆಗಳಿವೆ. ಹಳೇ ಕೀಲಿ ಸ್ವಿಚ್‌ನ ಕೆಲವು ತುದಿಗಳು ಸ್ಟಾರ್ಟರ್ ತಿರುಗುವಾಗ ಸತ್ತುಹೋಗುತ್ತವೆ. ಅಲ್ಲಿಂದ ಇಸಿಯುಗೆ ವೈರ್ ಕೊಟ್ಟರೆ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಇನ್ನು ಹಳೇ ಇಗ್ನಿಷನ್ ಕಾಯಿಲ್‌ಗೆ ಹೋಗುವ ವೈರಿನಲ್ಲಿ ಕೆಲವು ಕಾರುಗಳಲ್ಲಿ ವೋಲ್ಟೇಜ್ ಇಳಿಸುವ ರೆಸಿಸ್ಟರ್ ಅಡಗಿರುತ್ತದೆ. ಮೀಟರ್ ಸುಮ್ನೆ ಇಟ್ಟಾಗ ಹನ್ನೆರಡು ತೋರಿಸುತ್ತದೆ, ಲೋಡ್ ಬಿದ್ದಾಗ ಆರೇಳಕ್ಕೆ ಇಳಿಯುತ್ತದೆ. ಎರಡಕ್ಕೂ ಪರಿಹಾರ ಒಂದೇ. ಹಳೇ ಸ್ವಿಚ್‌ನಿಂದ ಒಂದು ರಿಲೇಯನ್ನು ಮಾತ್ರ ಎಬ್ಬಿಸಿ. ಇಸಿಯುಗೆ ಬೇಕಾದ ಕರೆಂಟ್ ಬ್ಯಾಟರಿಯಿಂದ ಫ್ಯೂಸ್, ರಿಲೇ ದಾಟಿ ಸೀದಾ ಬರಲಿ.

ಕೀಲಿಯ ವಿಷಯ ಬೇರೆ. 1990ರ ದಶಕದ ಮಧ್ಯದಿಂದ ಕಾರುಗಳ ಕೀಲಿಯಲ್ಲಿ ಚಿಪ್ ಬರತೊಡಗಿತು. ಚಿಪ್ ಗುರುತು ಸಿಗದಿದ್ದರೆ ಇಸಿಯು ಪೆಟ್ರೋಲನ್ನೇ ಬಿಡುವುದಿಲ್ಲ. ಇದಕ್ಕೆ ಮೂರು ದಾರಿ. ಕೀಲಿ, ಅದರ ಸುತ್ತಿನ ಆಂಟೆನಾ, ಸಂಬಂಧಪಟ್ಟ ಪೆಟ್ಟಿಗೆ ಎಲ್ಲವನ್ನೂ ತಂದು ಡ್ಯಾಶ್‌ಬೋರ್ಡ್ ಹಿಂದೆ ಅಡಗಿಸಿಡುವುದು ಮೊದಲನೆಯದು. ಇಸಿಯುವಿನ ಸಾಫ್ಟ್‌ವೇರ್ ಬದಲಿಸಿ ಆ ತಪಾಸಣೆ ತೆಗೆಸುವುದು ಎರಡನೆಯದು. ಮೂರನೆಯದು, ಮೂಲ ಇಸಿಯು ಬಿಟ್ಟು ಮೆಗಾಸ್ಕ್ವರ್ಟ್, ಸ್ಪೀಡುಯಿನೊ ಥರದ ಸ್ವತಂತ್ರ ಇಸಿಯು ಹಾಕುವುದು.

ಸ್ವತಂತ್ರ ಇಸಿಯು ಆಕರ್ಷಕ. ವೈರ್ ಕಡಿಮೆ, ಎಲ್ಲಾ ನಮ್ಮ ಕೈಯಲ್ಲಿ. ಆದರೆ ಯಾವ ವೇಗಕ್ಕೆ ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಅನ್ನುವ ಪೂರ್ತಿ ಕೋಷ್ಟಕ ನೀವೇ ತುಂಬಬೇಕು. ಫುಲ್ ಆಕ್ಸಿಲರೇಟರ್ ಕೊಟ್ಟಾಗ ಓಡಿಸುವ ಕೋಷ್ಟಕ ಒಂದು ದಿನದಲ್ಲಿ ಮಾಡಬಹುದು. ಚಳಿಯಲ್ಲಿ ಸ್ಟಾರ್ಟ್ ಆಗುವುದು, ಎಸಿ ಹಾಕಿದಾಗ ಐಡ್ಲಿಂಗ್ ಕುಸಿಯದಿರುವುದು, ಬಿಸಿ ಎಂಜಿನ್ ಹತ್ತು ನಿಮಿಷ ನಿಂತು ಮತ್ತೆ ಹತ್ತುವುದು, ಇವಕ್ಕೆಲ್ಲ ಕಂಪನಿಯವರು ವರ್ಷಗಟ್ಟಲೆ ಕೆಲಸ ಮಾಡಿರುತ್ತಾರೆ. ಎಂಜಿನ್ ಒಳಭಾಗ ಬದಲಿಸದಿದ್ದರೆ ಮೂಲ ಇಸಿಯುವೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಮೂಲ ಇಸಿಯು ಇಟ್ಟುಕೊಂಡರೆ ಅದು ನಂಬುವ ಸೆನ್ಸರ್‌ಗಳೂ ಅದಕ್ಕೆ ಬೇಕಾದ ಜಾಗದಲ್ಲೇ ಇರಬೇಕು. ಒಳಬರುವ ಗಾಳಿ ಅಳೆಯುವ ಸೆನ್ಸರ್ ಇದ್ದರೆ ಅದರ ಮೂಲ ಕೊಳವೆಯನ್ನೇ ಬಳಸಿ, ಆಚೀಚೆ ಸ್ವಲ್ಪ ನೇರ ಪೈಪ್ ಇರಲಿ. ಕೊಳವೆಯ ಅಗಲ ಬದಲಾದರೆ ಗಾಳಿಯ ಲೆಕ್ಕವೇ ತಪ್ಪುತ್ತದೆ. ಎಕ್ಸಾಸ್ಟ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಗಾಳಿ ಮತ್ತು ಪೆಟ್ರೋಲನ್ನು 14.7ಕ್ಕೆ 1ರ ಹತ್ತಿರ ಇಡುತ್ತದೆ. ಆ ಸೆನ್ಸರ್‌ಗಿಂತ ಮುಂಚಿನ ಪೈಪಿನ ಜೋಡಣೆಯಲ್ಲಿ ಸಣ್ಣ ಸೀಳಿದ್ದರೂ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಸೆನ್ಸರ್‌ಗೆ ಆಕ್ಸಿಜನ್ ಜಾಸ್ತಿ ಕಾಣುತ್ತದೆ, ಇಸಿಯು ಸುಮ್ಮಸುಮ್ಮನೆ ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಹಾಳು, ತಪ್ಪು ಹುಡುಕುವುದು ಇಂಜೆಕ್ಟರ್‌ನಲ್ಲಿ.

ಆಕ್ಸಿಲರೇಟರ್‌ಗೆ ಕೇಬಲ್ ಇಲ್ಲದ, ಎಲೆಕ್ಟ್ರಾನಿಕ್ ಪೆಡಲ್ ಇರುವ ಎಂಜಿನ್ ಆದರೆ ಅದೇ ಕಾರಿನ ಪೆಡಲ್ ತನ್ನಿ. ಕಾರ್ಪೆಟ್‌ಗೆ ಸಿಕ್ಕಿಹಾಕಿಕೊಳ್ಳದಂತೆ, ಪೂರ್ತಿ ಒತ್ತಲು ಬರುವಂತೆ ಕೂರಿಸಿ. ರೋಗ ಪತ್ತೆ ಮಾಡುವ ಒಬಿಡಿ ಸಾಕೆಟ್ ಮತ್ತು ಎಂಜಿನ್ ದೀಪ ಎರಡನ್ನೂ ತಪ್ಪದೆ ಜೋಡಿಸಿ. ಮುಂದೆ ತೊಂದರೆ ಎಲ್ಲಿದೆ ಅಂತ ಹೇಳುವುದು ಅವೇ. ಕಾರಿನಲ್ಲಿ ಎಲ್ಲಿ ವೆಲ್ಡಿಂಗ್ ಮಾಡಿದರೂ ಮೊದಲು ಇಸಿಯು ಕಳಚಿಡಿ.

ಹಳೇ ಮೀಟರ್‌ಗಳನ್ನು ಉಳಿಸುವುದು ಬೇರೆ ಪುಟ್ಟ ಸಾಹಸ. ಆಯಿಲ್ ಪ್ರೆಶರ್, ಟೆಂಪರೇಚರ್ ಮೀಟರ್‌ಗಳಿಗೆ ಅವುಗಳದೇ ಹಳೇ ಸೆನ್ಸರನ್ನು ಅಡಾಪ್ಟರ್ ಮೂಲಕ ಹೊಸ ಎಂಜಿನ್‌ಗೆ ಹಾಕುವುದು ಸುಲಭ. ಕೇಬಲ್ ಸ್ಪೀಡೋಮೀಟರ್‌ಗೆ ಎಲೆಕ್ಟ್ರಾನಿಕ್ ಗೇರ್‌ಬಾಕ್ಸ್ ಹೊಂದುವುದಿಲ್ಲ, ಪರಿವರ್ತಕ ಬೇಕು.

ಬಿಸಿ

ಪೆಟ್ರೋಲ್‌ನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ನೀರಿಗೆ ಬಿಸಿಯಾಗಿ ಹೋಗುತ್ತದೆ. ಹಾರ್ಸ್‌ಪವರ್ ಹೆಚ್ಚಾದಷ್ಟೂ ರೇಡಿಯೇಟರ್ ಕೆಲಸ ಹೆಚ್ಚು. ಆದರೆ ಇಂಥ ಕಾರು ಕುದಿಯುವುದು ಸಾಮಾನ್ಯವಾಗಿ ವೇಗದಲ್ಲಲ್ಲ, ಟ್ರಾಫಿಕ್‌ನಲ್ಲಿ. ದೊಡ್ಡ ರೇಡಿಯೇಟರ್ ತಂದು ಫ್ಯಾನ್ ಸುತ್ತ ಕವಚ ಹಾಕದಿದ್ದರೆ ಫ್ಯಾನ್ ಎದುರಿನ ವೃತ್ತದಷ್ಟೇ ತಣ್ಣಗಾಗುತ್ತದೆ. ಬಿಸಿಗಾಳಿ ಹೊರಹೋಗಲೂ ದಾರಿ ಬೇಕು. ಎಂಜಿನ್ ಕೋಣೆ ತುಂಬಿಹೋಗಿದ್ದರೆ ಗಾಳಿ ಒಳಗೇ ಬರುವುದಿಲ್ಲ.

ಎಷ್ಟೋ ಕಾರುಗಳಲ್ಲಿ ತಪ್ಪು ಇರುವುದು ರೇಡಿಯೇಟರ್ ಎತ್ತರದಲ್ಲಿ. ಹಳೇ ಕಾರಿನ ಮೂತಿ ತಗ್ಗು, ಹೊಸ ಎಂಜಿನ್ ಎತ್ತರ. ಆಗ ಗಾಳಿಯ ಗುಳ್ಳೆ ರೇಡಿಯೇಟರ್ ಮುಚ್ಚಳದ ಬದಲು ಎಂಜಿನ್ ಹೆಡ್‌ನಲ್ಲೇ ಉಳಿಯುತ್ತದೆ. ಎಲ್ಲಕ್ಕಿಂತ ಎತ್ತರದಲ್ಲಿ ಒತ್ತಡ ತಡೆಯುವ ಟ್ಯಾಂಕ್ ಇಟ್ಟು, ಎಂಜಿನ್‌ನ ಎತ್ತರದ ತುದಿಯಿಂದ ಅದಕ್ಕೆ ಸಣ್ಣ ಪೈಪ್ ಎಳೆದರೆ ಗುಳ್ಳೆ ತಾನಾಗಿ ಹೊರಹೋಗುತ್ತದೆ. ಇನ್ನೊಂದು: ಕಾರಿನಲ್ಲಿ ಹೀಟರ್ ಬೇಡ ಅಂತ ಅದರ ಪೈಪ್ ಮುಚ್ಚಬೇಡಿ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವ ಮುಂಚೆ ನೀರು ಸುತ್ತುವುದೇ ಆ ದಾರಿಯಲ್ಲಿ. ಎರಡು ತುದಿ ಸೇರಿಸಿ ಸುತ್ತು ಪೂರ್ತಿ ಮಾಡಿ.

ನಿಲ್ಲಿಸುವುದು

ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 80ರಲ್ಲಿ ಓಡುತ್ತಿದ್ದ ಕಾರು 120ರಲ್ಲಿ ಓಡಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು. ನಾಲ್ಕೂ ಚಕ್ರಕ್ಕೆ ಡ್ರಮ್ ಇರುವ ಕಾರಿಗೆ ಎಂಜಿನ್ ಬದಲಿಸುವ ಮೊದಲೇ ಮುಂದಕ್ಕೆ ಡಿಸ್ಕ್ ಬರಲಿ. ಒಂದೇ ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಇದ್ದರೆ ಎರಡು ಸರ್ಕ್ಯೂಟಿನದು ಹಾಕಿ. ಹೊಸ ಎಂಜಿನ್ ಭಾರ ಬೇರೆಯಾದರೆ ಮುಂದಿನ ಸ್ಪ್ರಿಂಗೂ ಬದಲಾಗಬೇಕು. ಎಂಜಿನ್ ಇಳಿಸುವ ಮೊದಲೂ ಆದ ಮೇಲೂ ನಾಲ್ಕು ಚಕ್ರದ ತೂಕ ಬರೆದಿಟ್ಟರೆ ಊಹೆ ಬೇಕಾಗುವುದಿಲ್ಲ. ಹಳೇ ಬಾಡಿಯ ತುಕ್ಕು ಅಂತೂ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು.

ಮೊದಲ ಸ್ಟಾರ್ಟ್

ಆತುರ ಬೇಡ. ಮೊದಲು ಪಂಪ್ ಮಾತ್ರ ಓಡಿಸಿ, ಪೆಟ್ರೋಲ್ ಪೈಪಿನ ಪ್ರತಿ ಜೋಡಣೆಗೂ ಟಿಶ್ಯೂ ಒತ್ತಿ ನೋಡಿ. ಒದ್ದೆಯಾದರೆ ಅಲ್ಲೇ ನಿಲ್ಲಿಸಿ. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಂಜೆಕ್ಟರ್ ಮತ್ತು ಇಗ್ನಿಷನ್ ಕನೆಕ್ಟರ್ ಕಳಚಿ, ಆಯಿಲ್ ಪ್ರೆಶರ್ ಏಳುವ ತನಕ ಸ್ವಲ್ಪ ಸ್ವಲ್ಪವಾಗಿ ಸ್ಟಾರ್ಟರ್ ತಿರುಗಿಸಿ. ಕಾರು ಹೊರಗೆ ಇರಲಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದ ಇನ್ನೊಬ್ಬರು ಇರಲಿ. ಸ್ಟಾರ್ಟ್ ಆದ ಮೇಲೆ ಎಕ್ಸಿಲರೇಟರ್ ತುಳಿದು ಸದ್ದು ಕೇಳುವ ಆಸೆ ಆಗುತ್ತದೆ. ಅದಕ್ಕಿಂತ ಮುಖ್ಯ, ಎಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದು ಫ್ಯಾನ್ ತಾನಾಗಿ ಓಡಿ ನಿಲ್ಲುವುದನ್ನು ನೋಡುವುದು. ಪೂರ್ತಿ ತಣ್ಣಗಾದ ಮೇಲೆ ನೀರು ತುಂಬಿಸಿ. ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟ್, ಎಕ್ಸಾಸ್ಟ್ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ನೋಡಿ. ಮೊದಲ ಕೆಲವು ಓಟಗಳ ನಂತರವೂ ಅದೇ ಕೆಲಸ.

ಇಷ್ಟರಲ್ಲಿ ಒಂದು ಪುಸ್ತಕ ತುಂಬಿರಬೇಕು. ಆಲ್ಟರ್ನೇಟರ್ ಬೆಲ್ಟ್ ಯಾವ ಕಾರಿನದು, ಕ್ಲಚ್ ಪ್ಲೇಟ್ ಯಾವುದರದು, ಮೇಲಿನ ನೀರಿನ ಹೋಸ್ ಯಾವ ಮಾದರಿಯದನ್ನು ಎಲ್ಲಿಗೆ ಕತ್ತರಿಸಿದ್ದು, ಯಾವ ಬಣ್ಣದ ವೈರ್ ಎಲ್ಲಿಗೆ ಹೋಗಿದೆ, ಎಲ್ಲ. ಯಾಕಂದರೆ ನಾಲ್ಕು ವರ್ಷ ಬಿಟ್ಟು ಆ ಹೋಸ್ ಒಡೆದಾಗ ಬಿಡಿಭಾಗದವರು ಮೊದಲು ಕೇಳುವುದು "ಯಾವ ಕಾರು, ಯಾವ ವರ್ಷ?" ಅಂತ. ಅದರ ಒಂದು ತುದಿಗೆ ಒಂದು ಉತ್ತರ, ಇನ್ನೊಂದು ತುದಿಗೆ ಬೇರೆ ಉತ್ತರ.